ಅಧ್ಯಕ್ಷರ ಮೇಲೆ ದರಖಾಸ್ತು

ನಮ್ಮ ಬಾಗಲಕೋಟೆ ಜಿಲ್ಲೆಯ ಕೋರ್ಟುಗಳಲ್ಲಿ ಡಿಕ್ರಿಯನ್ನು ಜಾರಿಗೆ ತರಿಸಲು ಹಾಕುವ ಅರ್ಜಿಗೆ ಇಂದಿಗೂ ದರಖಾಸ್ತು ಎಂದೇ ಹೇಳುತ್ತೇವೆ. ಮುಂಬಯಿ ಪ್ರಾಂತದ ಕಾಲದಿಂದ ಉಳಿದುಬಂದ ಮಾತಿದು. ಹಳೆ ಮೈಸೂರಿನ ಕಡೆಯವರಿಗೆ ದರಖಾಸ್ತು ಎಂದರೆ ಸರಕಾರಿ ಜಮೀನಿನ ಮಂಜೂರಾತಿಗೆ ಕೊಡುವ ಅರ್ಜಿ ನೆನಪಾಗುತ್ತದೆ. ನಮಗೆ ನೆನಪಾಗುವುದು ಗೆದ್ದ ಮೇಲೂ ಮುಗಿಯದ ದಾವೆ. ತೀರ್ಪು ಬೇರೆ, ತೀರ್ಪಿನ ಜಾರಿ ಬೇರೆ ಎಂಬುದನ್ನು ಇಪ್ಪತ್ತಾರು ವರ್ಷಗಳ ವಕೀಲಿ ನನಗೆ ಚೆನ್ನಾಗಿ ಕಲಿಸಿದೆ. ಆದ್ದರಿಂದ ಅಮೆರಿಕದ ಅಧ್ಯಕ್ಷರ ಅಧಿಕಾರದ ಬಗ್ಗೆ, ಅಲ್ಲಿನ ಫೆಡರಲ್ ಕೋರ್ಟುಗಳ ಬಗ್ಗೆ ಓದುವಾಗಲೂ ನಾನು ಮೊದಲು ಹುಡುಕುವುದು ಒಂದನ್ನೇ: ಅಲ್ಲಿ ದರಖಾಸ್ತು ಎಲ್ಲಿಗೆ ಹೋಗುತ್ತದೆ, ಜಪ್ತಿಗೆ ಹೊರಡುವವರು ಯಾರು?

ಆಲಮಟ್ಟಿ ಹಿನ್ನೀರಿಗೆ ಹೊಲ ಕಳೆದುಕೊಂಡ ಹಿರಿಯ ರೈತರೊಬ್ಬರ ಪ್ರಕರಣ ಇಂದಿಗೂ ನನ್ನ ಕಣ್ಣೆದುರಿಗಿದೆ. ಪರಿಹಾರ ಹೆಚ್ಚಿಸಿ ಕೋರ್ಟು ಆದೇಶ ಮಾಡಿತ್ತು, ಮೇಲ್ಮನವಿಯೂ ಮುಗಿದಿತ್ತು. ಆದರೂ ಹಣ ಕೊಡಬೇಕಾಗಿದ್ದ ಕಚೇರಿಯು ಅನುದಾನ ಬಂದಿಲ್ಲವೆಂದು ವರ್ಷಗಳನ್ನು ತಳ್ಳಿತು. ಕೊನೆಗೆ ದರಖಾಸ್ತಿನಲ್ಲಿ ಜಪ್ತಿ ವಾರಂಟು ಹೊರಟಿತು. ಬೇಲೀಫರು ಆ ಕಚೇರಿಯ ವರಾಂಡದಲ್ಲಿ ನಿಂತು ಖುರ್ಚಿ ಹನ್ನೊಂದು, ಕಂಪ್ಯೂಟರು ಎರಡು, ಕಬ್ಬಿಣದ ಕಪಾಟು ಒಂದು ಎಂದು ಯಾದಿ ಬರೆದುಕೊಂಡರು; ಹಮಾಲರು ಅವನ್ನು ಒಂದೊಂದಾಗಿ ಟಂಟಂ ಗಾಡಿಗೆ ಹೇರಿದರು. ಹದಿನೈದು ದಿನಗಳೊಳಗೆ ಕೋರ್ಟಿನಲ್ಲಿ ಚೆಕ್ಕು ಜಮೆಯಾಯಿತು. “ಹುಕುಂ ಆಗಿ ಆರು ವರ್ಷ ಆತ್ರಿ ವಕೀಲ ಸಾಹೇಬ್ರ, ಕಾಗದಕ್ಕ ಬರಲಾರದ ರೊಕ್ಕ ಖುರ್ಚಿಗೆ ಬಂತು ನೋಡ್ರಿ” ಎಂದು ಆ ಹಿರಿಯರು ಹೇಳಿದ ಮಾತನ್ನು ನಾನು ಮರೆತಿಲ್ಲ.

ವಾಷಿಂಗ್ಟನ್ನಿನಲ್ಲಿ ಇಂಥ ಜಪ್ತಿ ನಡೆಯುವಂತಿಲ್ಲ. ಅಲ್ಲಿನ ಕೇಂದ್ರ ಸರಕಾರದ ಖುರ್ಚಿಯನ್ನಾಗಲಿ ಗಾಡಿಯನ್ನಾಗಲಿ ಯಾವ ಡಿಕ್ರಿದಾರನೂ ಮುಟ್ಟಲಾರ. ಹಣದ ಡಿಕ್ರಿಗಳ ಮಟ್ಟಿಗೆ ಅವರು 1956ರಲ್ಲಿ ಒಂದು ಕಾಯಂ ನಿಧಿಯನ್ನು ಮಾಡಿಟ್ಟಿದ್ದಾರೆ. ಅದಕ್ಕೂ ಮೊದಲು ಇಂಥ ಬಾಕಿ ತೀರಿಸಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಮತ ಹಾಕಿ ಹಣ ಮಂಜೂರು ಮಾಡಬೇಕಾಗಿತ್ತು. ನಮ್ಮ ರೈತರಿಗೂ ಅಂಥದೊಂದು ನಿಧಿ ಇದ್ದಿದ್ದರೆ ಎಷ್ಟು ಮನೆಗಳ ಸಾಲ ತಪ್ಪುತ್ತಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಆದರೆ ಕೋರ್ಟು ಕೇಳುವುದು ಹಣವನ್ನಲ್ಲ, ‘ಇದನ್ನು ಮಾಡು’ ಅಥವಾ ‘ಇದನ್ನು ನಿಲ್ಲಿಸು’ ಎಂದು ಅಧ್ಯಕ್ಷರ ಸರಕಾರಕ್ಕೇ ಆಜ್ಞೆ ಮಾಡುವುದಾದರೆ, ಆಗ ನಿಧಿಯಿಂದ ಏನೂ ಆಗುವುದಿಲ್ಲ.

ಈ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯಾದದ್ದು 2025ರ ಜನವರಿಯಲ್ಲಿ. ನನ್ನ ತಮ್ಮನ ಮಗ ಟೆಕ್ಸಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಗಂಡ ಹೆಂಡತಿ ಇಬ್ಬರೂ ಇರುವುದು ಕೆಲಸದ ವೀಸಾದ ಮೇಲೆ. ಸೊಸೆ ಆಗಷ್ಟೇ ಬಸುರಿಯಾಗಿದ್ದಳು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ಜನವರಿ 20ರಂದೇ ಹೊರಡಿಸಿದ ಆದೇಶದ ಪ್ರಕಾರ, ತಾಯಿ ತಾತ್ಕಾಲಿಕ ವೀಸಾದ ಮೇಲಿದ್ದು ತಂದೆ ಅಲ್ಲಿನ ಪ್ರಜೆಯಾಗಲಿ ಕಾಯಂ ನಿವಾಸಿಯಾಗಲಿ ಆಗಿರದಿದ್ದರೆ, 30 ದಿನಗಳ ನಂತರ ಹುಟ್ಟುವ ಮಗುವಿಗೆ ಅಮೆರಿಕದ ಪೌರತ್ವದ ದಾಖಲೆ ಕೊಡಕೂಡದು ಎಂದಾಯಿತು. ಮೂರು ದಿನಗಳಲ್ಲಿ ಸಿಯಾಟಲ್‌ನ ಫೆಡರಲ್ ಜಿಲ್ಲಾ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ಕೊಟ್ಟರು. ಅವರು 1981ರಲ್ಲಿ ರೇಗನ್ ನೇಮಿಸಿದವರು, ಎಂದರೆ ಟ್ರಂಪ್ ಪಕ್ಷದ ಅಧ್ಯಕ್ಷರೇ ನೇಮಿಸಿದವರು. ಅಂದು ರಾತ್ರಿ ಫೋನು ಬಂತು. “ಕಾಕಾ, ಒಬ್ಬ ಜಿಲ್ಲಾ ಜಡ್ಜ್ ಹೇಳಿದರ ಪ್ರೆಸಿಡೆಂಟ್ ಕೇಳಬೇಕೇನು? ಕೇಳಲಿಲ್ಲ ಅಂದರ ಏನು ಮಾಡ್ತಾರ?”

ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ನಮ್ಮಲ್ಲಿ ಮುನ್ಸೀಫ್ ಕೋರ್ಟಿನಿಂದ ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ ಇದೆ. ಅಮೆರಿಕದಲ್ಲಿ ಏಣಿಗಳು ಎರಡು: ಪ್ರತಿ ರಾಜ್ಯಕ್ಕೂ ಅದರದೇ ಆದ ಕೋರ್ಟುಗಳು, ಅವುಗಳ ಜೊತೆಗೆ ಕೇಂದ್ರದ ಕಾನೂನು ಮತ್ತು ಸಂವಿಧಾನದ ಪ್ರಶ್ನೆಗಳಿಗೆ ಫೆಡರಲ್ ಕೋರ್ಟುಗಳು. ಫೆಡರಲ್ ಏಣಿಯಲ್ಲಿ ಕೆಳಗೆ 94 ಜಿಲ್ಲಾ ಕೋರ್ಟುಗಳು, ನಡುವೆ 13 ಮೇಲ್ಮನವಿ ಕೋರ್ಟುಗಳು, ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟು. ಅಲ್ಲಿ ಜಿಲ್ಲಾ ನ್ಯಾಯಾಧೀಶ ಎಂಬ ಹೆಸರು ಕೇಳಿ ನಮ್ಮ ಕಡೆಯವರು ಮೋಸ ಹೋಗಬಾರದು. ಅವರನ್ನೂ ಅಧ್ಯಕ್ಷರೇ ಹೆಸರಿಸಿ ಸೆನೆಟ್ ಒಪ್ಪಬೇಕು, ಅವರೂ ಸುಪ್ರೀಂ ಕೋರ್ಟಿನವರಂತೆ ಆಜೀವ ಅಧಿಕಾರದಲ್ಲಿರುತ್ತಾರೆ, ಅವರ ಸಂಬಳವನ್ನು ಅವಧಿಯ ನಡುವೆ ಕಡಿಮೆ ಮಾಡುವಂತಿಲ್ಲ, ವಾಗ್ದಂಡನೆಯ ಹೊರತು ಅವರನ್ನು ಕೆಳಗಿಳಿಸುವಂತಿಲ್ಲ. ನೇಮಿಸಿದ ಅಧ್ಯಕ್ಷರು ನಾಲ್ಕು ವರ್ಷಕ್ಕೋ ಎಂಟು ವರ್ಷಕ್ಕೋ ಹೋಗುತ್ತಾರೆ. ನ್ಯಾಯಾಧೀಶರು ನಲವತ್ತು ವರ್ಷಗಳ ನಂತರವೂ ಪೀಠದಲ್ಲಿರಬಹುದು.

ಎರಡನೆಯ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲಾಗಲಿಲ್ಲ. ಈ ಬರಹ ಅದಕ್ಕಾಗಿ.

ಅಮೆರಿಕದ ಸಂವಿಧಾನವನ್ನು ಒಪ್ಪಿಕೊಳ್ಳಿರೆಂದು ಜನರನ್ನು ಕೇಳಿಕೊಳ್ಳುತ್ತಿದ್ದ 1788ರಲ್ಲೇ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಈ ಮಾತನ್ನು ಮುಚ್ಚಿಡದೆ ಬರೆದರು: ನ್ಯಾಯಾಂಗದ ಕೈಯಲ್ಲಿ ಖಡ್ಗವೂ ಇಲ್ಲ, ಥೈಲಿಯೂ ಇಲ್ಲ, ಇರುವುದು ವಿವೇಚನೆ ಮಾತ್ರ, ತನ್ನ ತೀರ್ಪು ನಡೆಯಬೇಕಾದರೂ ಅದು ಕಾರ್ಯಾಂಗದ ಕೈಯನ್ನೇ ನೋಡಬೇಕು. ಫೆಡರಲ್ ಕೋರ್ಟಿನ ಆಜ್ಞೆಗಳನ್ನು ಜಾರಿ ಮಾಡುವವರು ಮಾರ್ಷಲ್‌ಗಳು. 1789ರಲ್ಲಿ ಕೋರ್ಟುಗಳನ್ನು ಹುಟ್ಟಿಸಿದ ಕಾಯಿದೆಯೇ ಅವರನ್ನೂ ಹುಟ್ಟಿಸಿತು. ಕೋರ್ಟು ಹೇಳಿದ್ದನ್ನು ನಡೆಸುವುದು ಅವರ ಕರ್ತವ್ಯವೆಂದು ಕಾನೂನು ಹೇಳುತ್ತದೆ. ಆದರೆ ಅವರನ್ನು ನೇಮಿಸುವವರು ಅಧ್ಯಕ್ಷರು, ಅವರಿರುವುದು ನ್ಯಾಯ ಇಲಾಖೆಯ ಅಡಿಯಲ್ಲಿ, ಆ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಅಧ್ಯಕ್ಷರ ಮಂತ್ರಿಮಂಡಲದವರು. ನಮ್ಮ ಬೇಲೀಫ ಜಿಲ್ಲಾ ನ್ಯಾಯಾಧೀಶರ ಕೈಕೆಳಗಿನ ನೌಕರ. ಅಲ್ಲಿನ ಬೇಲೀಫನಿಗೆ ಹುಕುಂ ಕೊಡುವವರು ಒಬ್ಬರು, ಒಡೆಯರು ಇನ್ನೊಬ್ಬರು.

ಇದರಿಂದ ಏನಾಗಬಹುದು ಎಂಬುದಕ್ಕೆ 1861ರ ಮೆರಿಮನ್ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಅಂತರ್ಯುದ್ಧ ಆಗಷ್ಟೇ ಹೊತ್ತಿಕೊಂಡಿತ್ತು. ಮೇರಿಲ್ಯಾಂಡ್ ರಾಜ್ಯದ ಜಾನ್ ಮೆರಿಮನ್ ಎಂಬವನನ್ನು, ರೈಲು ಸೇತುವೆಗಳನ್ನು ಹಾಳುಮಾಡಿದ ಗುಂಪಿನಲ್ಲಿದ್ದನೆಂಬ ಆರೋಪದ ಮೇಲೆ, ಮೇ 25ರ ನಸುಕಿನಲ್ಲಿ ಸೈನಿಕರು ಹಿಡಿದು ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯಲ್ಲಿ ಇಟ್ಟರು. ಮುಖ್ಯ ನ್ಯಾಯಮೂರ್ತಿ ರಾಜರ್ ಟ್ಯಾನಿ ಹೇಬಿಯಸ್ ಕಾರ್ಪಸ್ ಆಜ್ಞೆ ಮಾಡಿ, ಆ ಮನುಷ್ಯನನ್ನು ತಮ್ಮ ಮುಂದೆ ಹಾಜರುಪಡಿಸಿರೆಂದರು. ಅಧ್ಯಕ್ಷ ಲಿಂಕನ್ ಆ ಹಕ್ಕನ್ನು ಅಮಾನತಿನಲ್ಲಿಡಲು ತಮಗೆ ಅಧಿಕಾರ ಕೊಟ್ಟಿದ್ದಾರೆಂದು ಸೇನಾಧಿಕಾರಿ ಉತ್ತರ ಕಳಿಸಿದರು, ಕೈದಿಯನ್ನು ಕಳಿಸಲಿಲ್ಲ. ಟ್ಯಾನಿ ನ್ಯಾಯಾಂಗ ನಿಂದನೆಗಾಗಿ ಆ ಅಧಿಕಾರಿಯನ್ನೇ ಹಿಡಿದು ತರಲು ವಾರಂಟು ಹೊರಡಿಸಿದರು. ಮಾರ್ಷಲ್ ಕೋಟೆಗೆ ಹೋದ. ಹೊರಬಾಗಿಲಲ್ಲಿ ನಿಂತು ತನ್ನ ಹೆಸರಿನ ಚೀಟಿಯನ್ನು ಒಳಗೆ ಕಳಿಸಿದ. ಚೀಟಿಗೆ ಉತ್ತರವಿಲ್ಲವೆಂದು ಹೇಳಿಕಳಿಸಿದರು, ಬಾಗಿಲು ತೆರೆಯಲಿಲ್ಲ. ಅವನು ಮರಳಿ ಬಂದು ಕೋರ್ಟಿಗೆ ಅಷ್ಟನ್ನೇ ವರದಿ ಮಾಡಿದ. ಊರ ಜನರನ್ನು ಕೂಡಿಸಿಕೊಂಡು ಬಲದಿಂದ ಒಳಹೊಗಲು ಮಾರ್ಷಲನಿಗೆ ಕಾನೂನಿನಲ್ಲಿ ಅಧಿಕಾರವಿದೆ, ಆದರೆ ಎದುರಿಗಿರುವ ಬಲ ಅದಕ್ಕಿಂತ ದೊಡ್ಡದು ಎಂದು ಹೇಳಿ ಆ 84 ವರ್ಷದ ನ್ಯಾಯಮೂರ್ತಿ ಅವನನ್ನು ಆ ಹೊಣೆಯಿಂದ ಬಿಟ್ಟರು. ಹೇಬಿಯಸ್ ಕಾರ್ಪಸ್ ಅಮಾನತಿನ ಮಾತು ಸಂವಿಧಾನದಲ್ಲಿರುವುದು ಶಾಸಕಾಂಗದ ವಿಧಿಯೊಳಗೆ, ಆದ್ದರಿಂದ ಆ ಅಧಿಕಾರ ಕಾಂಗ್ರೆಸ್ಸಿನದೇ ಹೊರತು ಅಧ್ಯಕ್ಷರದಲ್ಲ ಎಂದು ತೀರ್ಪು ಬರೆದು, ಅದರ ಪ್ರತಿಯನ್ನು ಲಿಂಕನ್ನರಿಗೆ ಕಳಿಸಿ ಸುಮ್ಮನಾದರು.

ಟ್ಯಾನಿ ನಾನು ಗೌರವಿಸುವ ನ್ಯಾಯಮೂರ್ತಿಯಲ್ಲ. ಕರಿಯ ಜನರು ಆ ದೇಶದ ಪೌರರಾಗಲಾರರೆಂದು 1857ರ ಡ್ರೆಡ್ ಸ್ಕಾಟ್ ತೀರ್ಪು ಬರೆದ ಕೈ ಅದು. ಲಿಂಕನ್ ನಾನು ತುಂಬ ಗೌರವಿಸುವ ನಾಯಕರು. ಆದರೂ ಆ ಕೋಟೆಯ ಬಾಗಿಲಲ್ಲಿ ನಿಂತ ಮಾರ್ಷಲನನ್ನು ನೆನೆದಾಗ ವಕೀಲನಾಗಿ ನನ್ನ ಮನಸ್ಸು ಮಾರ್ಷಲನ ಕಡೆಗೇ ವಾಲುತ್ತದೆ. 1863ರಲ್ಲಿ ಕಾಂಗ್ರೆಸ್ಸು ಅಧ್ಯಕ್ಷರಿಗೆ ಆ ಅಧಿಕಾರವನ್ನು ಕಾನೂನಿನ ಮೂಲಕ ಕೊಟ್ಟಿತು. ಯುದ್ಧ ಮುಗಿದ ಮೇಲೆ, 1866ರಲ್ಲಿ, ಸಾಮಾನ್ಯ ಕೋರ್ಟುಗಳು ತೆರೆದಿರುವಲ್ಲಿ ಸೈನಿಕನಲ್ಲದವನನ್ನು ಸೇನಾ ನ್ಯಾಯಮಂಡಳಿಯ ಮುಂದೆ ನಿಲ್ಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು ಮಿಲಿಗನ್ ಪ್ರಕರಣದಲ್ಲಿ ಹೇಳಿತು. ಗುಂಡಿನ ಸದ್ದು ನಿಂತ ನಂತರ ಬಂದ ಆ ಧೈರ್ಯವನ್ನೂ ನಾನು ಕಡಿಮೆಯೆಂದು ಭಾವಿಸುವುದಿಲ್ಲ, ತಡವಾಯಿತೆಂದು ಮಾತ್ರ ಹೇಳುತ್ತೇನೆ.

ಕಾನೂನು ಕಾಲೇಜುಗಳಲ್ಲಿ ಎಲ್ಲರೂ ಮೊದಲು ಓದುವ 1803ರ ಮಾರ್ಬರಿ ಪ್ರಕರಣವನ್ನು ದರಖಾಸ್ತಿನ ಕಣ್ಣಿನಿಂದ ನೋಡಿದರೆ ಅದು ಬೇರೆಯಾಗಿಯೇ ಕಾಣುತ್ತದೆ. ಅಧಿಕಾರ ಬಿಡುವ ಮುನ್ನ ಅಧ್ಯಕ್ಷ ಆಡಮ್ಸ್ ಸಹಿ ಮಾಡಿದ ನೇಮಕಾತಿ ಪತ್ರ ವಿಲಿಯಂ ಮಾರ್ಬರಿಯ ಕೈಸೇರಲಿಲ್ಲ. ಹೊಸ ಅಧ್ಯಕ್ಷ ಜೆಫರ್ಸನ್ನರ ಸರಕಾರ ಅದನ್ನು ಕೊಡಲಿಲ್ಲ. ಪತ್ರವನ್ನು ಸಕಾಲಕ್ಕೆ ಮುಟ್ಟಿಸದೆ ಉಳಿಸಿದವರು ಆಗಿನ ವಿದೇಶಾಂಗ ಕಾರ್ಯದರ್ಶಿ ಜಾನ್ ಮಾರ್ಷಲ್, ಪ್ರಕರಣದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿಯೂ ಅವರೇ. ಪತ್ರ ಕೊಡಿ ಎಂದು ಆಜ್ಞೆ ಮಾಡಿದ್ದರೆ ಜೆಫರ್ಸನ್ ಕೊಡುತ್ತಿರಲಿಲ್ಲ, ಜಾರಿ ಮಾಡುವವರು ಯಾರೂ ಇರಲಿಲ್ಲ. ಮಾರ್ಷಲ್ ಏನು ಮಾಡಿದರೆಂದರೆ, ಮಾರ್ಬರಿಗೆ ಪತ್ರದ ಹಕ್ಕು ಇದೆ, ಆದರೆ ಇಂಥ ಅರ್ಜಿಯನ್ನು ನೇರವಾಗಿ ನಮ್ಮ ಮುಂದೆ ತರಲು ಅವಕಾಶ ಕೊಡುವ 1789ರ ಕಾಯಿದೆಯ ಕಲಮೇ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ಆ ಕಲಮನ್ನು ಹೊಡೆದುಹಾಕಿದರು. ಕಾಯಿದೆಯನ್ನು ರದ್ದುಪಡಿಸುವ ದೊಡ್ಡ ಅಧಿಕಾರ ಕೋರ್ಟಿಗೆ ಬಂತು. ದರಖಾಸ್ತು ಹಾಕಬೇಕಾದ ಪ್ರಸಂಗವೇ ಬರಲಿಲ್ಲ. ಮಾರ್ಬರಿಗೆ ಮಾತ್ರ ಪತ್ರ ಸಿಗಲಿಲ್ಲ. ಸಾಂವಿಧಾನಿಕ ಇತಿಹಾಸದಲ್ಲಿ ಅದು ಜಾಣತನದ ತೀರ್ಪು ನಿಜ, ಆದರೆ ಹಕ್ಕು ಇದೆಯೆಂದು ಹೇಳಿಸಿಕೊಂಡು ಬರಿಗೈಯಲ್ಲಿ ಮನೆಗೆ ಹೋದ ಪಕ್ಷಗಾರನ ಸ್ಥಿತಿಯನ್ನು ನಾನು ಬಲ್ಲೆ.

ಆ ಪ್ರಕರಣದ ಪೂರ್ಣ ಹೆಸರು ಮಾರ್ಬರಿ ವಿರುದ್ಧ ಮ್ಯಾಡಿಸನ್. ಪ್ರತಿವಾದಿ ಜೆಫರ್ಸನ್ ಅಲ್ಲ, ಅವರ ಮಂತ್ರಿ. ಅಧ್ಯಕ್ಷರ ಅಧಿಕಾರದ ಮೇಲಿನ ದೊಡ್ಡ ಪ್ರಕರಣಗಳಲ್ಲಿ ಪ್ರತಿವಾದಿಯ ಹೆಸರನ್ನು ಗಮನಿಸಬೇಕು. ಕಾನೂನನ್ನು ಜಾರಿಗೊಳಿಸುವ ಅಧ್ಯಕ್ಷರ ಕೆಲಸಕ್ಕೆ ತಾನು ನೇರವಾಗಿ ತಡೆ ಹಾಕುವುದಿಲ್ಲವೆಂದು ಸುಪ್ರೀಂ ಕೋರ್ಟು 1867ರಲ್ಲಿ ಮಿಸಿಸಿಪ್ಪಿ ರಾಜ್ಯದ ಅರ್ಜಿಯನ್ನು ತಳ್ಳಿಹಾಕಿತು. ಅಧ್ಯಕ್ಷರು ಕೇಳದಿದ್ದರೆ ಕೋರ್ಟು ನಿಸ್ಸಹಾಯವಾಗುತ್ತದೆ ಎಂಬ ಅಳುಕನ್ನು ಆ ತೀರ್ಪಿನಲ್ಲೇ ಬರೆದಿದ್ದಾರೆ. ಹಾಗಾಗಿ ಆಜ್ಞೆ ಹೋಗುವುದು ಸಹಿ ಮಾಡಿದವರಿಗಲ್ಲ, ಆ ಸಹಿಯನ್ನು ನಡೆಸುವ ಮಂತ್ರಿಗೆ, ಇಲಾಖೆಗೆ, ಅಧಿಕಾರಿಗೆ.

ಇಲ್ಲಿ ನಮ್ಮ ಜಿಲ್ಲೆಯ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಸಾವಳಗಿಯಲ್ಲಿ ಹುಟ್ಟಿ ಜಮಖಂಡಿಯಲ್ಲಿ ವಕೀಲಿ ಮಾಡಿದ ಬಿ.ಡಿ. ಜತ್ತಿಯವರು, ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡ ಮೇಲೆ, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಹೊಸ ಜನತಾ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಕೊಟ್ಟಾಗ ಅವರು ಕೂಡಲೇ ಸಹಿ ಮಾಡದೆ ಸಮಯ ತೆಗೆದುಕೊಂಡರು. ರಾಜ್ಯಗಳ ದಾವೆಗಳನ್ನು ಸುಪ್ರೀಂ ಕೋರ್ಟು ಏಪ್ರಿಲ್ 29ರಂದು ವಜಾ ಮಾಡಿತು. ಮರುದಿನ ಸಹಿ ಬಿತ್ತು. ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಗೆ ಬದ್ಧರು, ಆದ್ದರಿಂದ ಜತ್ತಿಯವರ ಕೈಯಲ್ಲಿದ್ದದ್ದು ಯೋಚಿಸುವಷ್ಟು ಹೊತ್ತು ಮಾತ್ರ. ಅಮೆರಿಕದ ಸಂವಿಧಾನದ ಎರಡನೆಯ ವಿಧಿಯ ಮೊದಲ ವಾಕ್ಯವೇ ಕಾರ್ಯಾಂಗದ ಅಧಿಕಾರವೆಲ್ಲ ಒಬ್ಬ ಅಧ್ಯಕ್ಷರಲ್ಲಿ ಇದೆಯೆನ್ನುತ್ತದೆ. ಅಲ್ಲಿ ಮಂತ್ರಿಗಳು ಹೇಳಿದ್ದನ್ನು ಅಧ್ಯಕ್ಷರು ಕೇಳಬೇಕಾಗಿಲ್ಲ, ಕೇಳದ ಮಂತ್ರಿಯನ್ನು ಅಧ್ಯಕ್ಷರು ತೆಗೆದುಹಾಕಬಹುದು. ಕೋರ್ಟಿನ ಮಾತು ಕೊನೆಗೆ ಹೋಗಿ ನಿಲ್ಲುವುದು ಒಬ್ಬ ಮನುಷ್ಯನ ಮುಂದೆ.

ಆ ಒಬ್ಬ ಮನುಷ್ಯ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ನಾನು ಕಿರಿಯ ವಕೀಲರಿಗೆ ಹೇಳುವುದು ಹ್ಯಾರಿ ಟ್ರೂಮನ್‌ರ ಹೆಸರನ್ನು. ಕೊರಿಯಾದಲ್ಲಿ ಯುದ್ಧ ನಡೆದಿತ್ತು, ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾಗಿ ನಿಂತಿದ್ದರು. 1952ರ ಏಪ್ರಿಲ್ 8ರ ರಾತ್ರಿ ಟ್ರೂಮನ್ ದೇಶದ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಳ್ಳಲು ವಾಣಿಜ್ಯ ಮಂತ್ರಿ ಸಾಯರ್ ಅವರಿಗೆ ಆದೇಶಿಸಿದರು. ಅದಕ್ಕೆ ಆಧಾರವಾಗಿ ಯಾವ ಕಾಯಿದೆಯನ್ನೂ ತೋರಿಸಲಾಗಲಿಲ್ಲ. ಜೂನ್ 2ರಂದು ಸುಪ್ರೀಂ ಕೋರ್ಟು ಆರಕ್ಕೆ ಮೂರರ ಬಹುಮತದಿಂದ ಅದನ್ನು ಅಸಿಂಧುಗೊಳಿಸಿತು. ಟ್ರೂಮನ್ ತಾವೇ ನೇಮಿಸಿದ ನಾಲ್ವರು ಆ ಪೀಠದಲ್ಲಿದ್ದರು, ಅವರಲ್ಲಿ ಇಬ್ಬರು ಅವರ ವಿರುದ್ಧ ನಿಂತರು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬೇರೆಯಾಗಿ ಬರೆದ ಸಹಮತದ ತೀರ್ಪು ಇಂದಿಗೂ ಅಧ್ಯಕ್ಷರ ಅಧಿಕಾರದ ಅಳತೆಗೋಲಾಗಿದೆ: ಕಾಂಗ್ರೆಸ್ಸಿನ ಒಪ್ಪಿಗೆಯೊಡನೆ ನಡೆದಾಗ ಅಧ್ಯಕ್ಷರ ಬಲ ಪೂರ್ಣ, ಕಾಂಗ್ರೆಸ್ಸು ಏನೂ ಹೇಳದಿದ್ದಾಗ ಅದು ಮುಸ್ಸಂಜೆಯ ಮಬ್ಬು, ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧವಾಗಿ ನಡೆದಾಗ ಬಲ ಅತ್ಯಂತ ಕ್ಷೀಣ. ಜಾಕ್ಸನ್ ಹಿಂದೆ ರೂಸ್‌ವೆಲ್ಟರ ಅಟಾರ್ನಿ ಜನರಲ್ ಆಗಿ ಅಧ್ಯಕ್ಷರ ಅಧಿಕಾರಕ್ಕಾಗಿ ವಾದಿಸಿದವರು ಎಂಬುದರಿಂದ ಆ ಬರಹಕ್ಕೆ ಇನ್ನೂ ತೂಕ ಬಂದಿದೆ.

ಟ್ರೂಮನ್‌ಗೆ ತೀರ್ಪು ಹಿಡಿಸಲಿಲ್ಲ. ಆದರೆ ಕಾರ್ಖಾನೆಗಳನ್ನು ಮಾಲೀಕರಿಗೆ ಮರಳಿಸಿರೆಂದು ಅದೇ ದಿನ ಹೇಳಿದರು. ಕಾರ್ಮಿಕರು ಹೊರಬಂದರು, ಯುದ್ಧಕಾಲದಲ್ಲಿ 50ಕ್ಕೂ ಹೆಚ್ಚು ದಿನ ಕುಲುಮೆಗಳು ಆರಿದವು. ಮಾರ್ಷಲನನ್ನು ಯಾರೂ ಕಳಿಸಬೇಕಾಗಲಿಲ್ಲ. 1957ರಲ್ಲಿ ಐಸೆನ್‌ಹೋವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕರಿಯ ಮಕ್ಕಳನ್ನು ಸೇರಿಸಬೇಕೆಂಬ ಕೋರ್ಟಿನ ಆದೇಶಕ್ಕೆ ರಾಜ್ಯದ ಗವರ್ನರ್ ಅಡ್ಡ ಬಂದಾಗ ಅವರು 101ನೆಯ ವಾಯುಗಾಮಿ ದಳದ ಸೈನಿಕರನ್ನು ಕಳಿಸಿದರು. ಹ್ಯಾಮಿಲ್ಟನ್ ಹೇಳಿದ ಖಡ್ಗ ಆ ಸಲ ಕೋರ್ಟಿನ ಪರವಾಗಿ ಒರೆಯಿಂದ ಬಂತು. 1974ರ ಜುಲೈ 24ರಂದು, ವಾಟರ್‌ಗೇಟ್ ಹಗರಣದ ತನಿಖೆಗೆ ಬೇಕಾಗಿದ್ದ ಅಧ್ಯಕ್ಷರ ಮಾತುಕತೆಯ ಧ್ವನಿಸುರುಳಿಗಳನ್ನು ಒಪ್ಪಿಸಿರೆಂದು ಪ್ರಕರಣ ಕೇಳಿದ ಎಂಟೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದಾಗ ನಿಕ್ಸನ್ ಒಪ್ಪಿಸಿದರು, 16 ದಿನಗಳಲ್ಲಿ ಹುದ್ದೆಯನ್ನೂ ಬಿಟ್ಟರು.

ಹಾಗೆ ಕೇಳುವ ಅಧ್ಯಕ್ಷರು ಇಲ್ಲದಿದ್ದರೆ? ಅಧಿಕಾರಿಯನ್ನು ನ್ಯಾಯಾಂಗ ನಿಂದನೆಗಾಗಿ ಶಿಕ್ಷಿಸಬಹುದು. ಆದರೆ ಆ ಶಿಕ್ಷೆಯನ್ನೂ ಅಧ್ಯಕ್ಷರು ಮನ್ನಾ ಮಾಡಬಲ್ಲರು. ಪಾನನಿರೋಧದ ಕಾಲದಲ್ಲಿ ಶಿಕಾಗೋದ ಗ್ರಾಸ್‌ಮನ್ ಎಂಬವನಿಗೆ ಕೋರ್ಟಿನ ತಡೆಯಾಜ್ಞೆ ಮುರಿದದ್ದಕ್ಕೆ ಒಂದು ವರ್ಷದ ಶಿಕ್ಷೆಯಾಯಿತು. ಅಧ್ಯಕ್ಷ ಕೂಲಿಡ್ಜ್ ಅದನ್ನು ದಂಡಕ್ಕೆ ಇಳಿಸಿದರು. 1925ರಲ್ಲಿ ಸುಪ್ರೀಂ ಕೋರ್ಟು ಅದು ಸರಿಯೆಂದಿತು. ತೀರ್ಪು ಬರೆದವರು ವಿಲಿಯಂ ಟಾಫ್ಟ್, ಅಧ್ಯಕ್ಷರೂ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದ ಒಬ್ಬರೇ ಒಬ್ಬರು. ಆದರೆ ಅದೇ ತೀರ್ಪಿನಲ್ಲಿ ಅವರು ಒಂದು ಬಾಗಿಲನ್ನು ತೆರೆದಿಟ್ಟರು: ಎದುರು ಪಕ್ಷಗಾರನಿಗೆ ಅವನ ಹಕ್ಕನ್ನು ದೊರಕಿಸಲು ಹಾಕುವ ಸಿವಿಲ್ ನಿಂದನೆಯ ದಂಡ, ಬಂಧನಗಳಿಗೆ ಕ್ಷಮಾದಾನ ನಡೆಯುವುದಿಲ್ಲ. ಆಜ್ಞೆ ಪಾಲಿಸುವವರೆಗೆ ದಿನಕ್ಕಿಷ್ಟು ದಂಡ ಎಂಬ ಆ ಸಿವಿಲ್ ನಿಂದನೆಯೇ, ನನ್ನ ಲೆಕ್ಕದಲ್ಲಿ, ಅಲ್ಲಿನ ನಿಜವಾದ ದರಖಾಸ್ತು. ಮಾರ್ಷಲನ ಬದಲು ಬೇರೆಯವರನ್ನು ನೇಮಿಸಿ ಆಜ್ಞೆ ಜಾರಿ ಮಾಡಿಸಲೂ ಸಿವಿಲ್ ನಿಯಮಗಳಲ್ಲಿ ದಾರಿ ಇದೆ.

2024ರ ಜುಲೈ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆರಕ್ಕೆ ಮೂರರಿಂದ, ಸಂವಿಧಾನ ಅಧ್ಯಕ್ಷರಿಗೇ ಮೀಸಲಿಟ್ಟ ಅಧಿಕಾರಗಳ ಚಲಾವಣೆಗಾಗಿ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತೆಯೇ ಇಲ್ಲ, ಉಳಿದ ಅಧಿಕೃತ ಕೃತ್ಯಗಳಿಗೂ ಮೇಲ್ನೋಟಕ್ಕೆ ರಕ್ಷಣೆಯಿದೆ ಎಂದು ಹೇಳಿತು. ಕ್ಷಮಾದಾನ ಅಂಥ ಮೀಸಲು ಅಧಿಕಾರ. ಕೋರ್ಟಿನ ಮಾತು ಮೀರಿದ ಅಧಿಕಾರಿಯನ್ನು ಕ್ಷಮಿಸಿದ ಅಧ್ಯಕ್ಷರನ್ನು ಆ ಕ್ಷಮೆಗಾಗಿ ಯಾರೂ ಕೇಳುವಂತಿಲ್ಲವೆಂದಾಗುತ್ತದೆ. ಆ ತೀರ್ಪನ್ನು ಎರಡು ಸಲ ಓದಿದ್ದೇನೆ. ಜಪ್ತಿಗೆ ಹೋಗುವ ದಾರಿಯ ಮೇಲೆ ಕೋರ್ಟು ತಾನೇ ಕಲ್ಲು ಇಟ್ಟುಕೊಂಡಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಮತ್ತೆ ನಮ್ಮ ಹುಡುಗನ ವಿಷಯ. ಸಿಯಾಟಲ್‌ನ ತಡೆ ಇಡೀ ದೇಶಕ್ಕೆ ಅನ್ವಯಿಸುತ್ತಿತ್ತು. 2025ರ ಜೂನ್ 27ರಂದು ಸುಪ್ರೀಂ ಕೋರ್ಟು, ಪೌರತ್ವದ ಮೂಲ ಪ್ರಶ್ನೆಯನ್ನು ಮುಟ್ಟದೆ, ಒಬ್ಬ ನ್ಯಾಯಾಧೀಶರ ತಡೆ ಆ ಪ್ರಕರಣದ ಪಕ್ಷಗಾರರಿಗೆ ಪೂರ್ಣ ಪರಿಹಾರ ಕೊಡಲು ಬೇಕಾಗುವುದಕ್ಕಿಂತ ಆಚೆ ಹೋಗಬಾರದೆಂದಿತು. ಟೆಕ್ಸಾಸ್ ರಾಜ್ಯ ದಾವೆ ಹೂಡಿದ ರಾಜ್ಯಗಳಲ್ಲಿ ಇರಲಿಲ್ಲ. ಸೊಸೆಗೆ ಆಗ ಎಂಟನೆಯ ತಿಂಗಳು. ಚೀನಾದ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ಪೌರನೇ ಎಂದು 1898ರಲ್ಲೇ ತೀರ್ಪಾಗಿದೆಯೆಂದು ನಾನು ಎಷ್ಟು ಹೇಳಿದರೂ ಆ ರಾತ್ರಿಗಳಲ್ಲಿ ಅವರಿಗೆ ನಿದ್ದೆ ಬರಲಿಲ್ಲ, ನನಗೂ ಬರಲಿಲ್ಲ. ಆದರೆ ಗುಂಪು ದಾವೆಯ ದಾರಿಯನ್ನು ಸುಪ್ರೀಂ ಕೋರ್ಟು ಮುಚ್ಚಿರಲಿಲ್ಲ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ಫೆಡರಲ್ ನ್ಯಾಯಾಧೀಶರು ದೇಶದಲ್ಲಿ ಎಲ್ಲೇ ಹುಟ್ಟಿದರೂ ಇಂಥ ಮಕ್ಕಳೆಲ್ಲರನ್ನೂ ಒಂದು ವರ್ಗವೆಂದು ಪರಿಗಣಿಸಿ ಆದೇಶಕ್ಕೆ ತಡೆ ಕೊಟ್ಟರು. ಇನ್ನೂ ಹುಟ್ಟಿರದ ನಮ್ಮ ಕೂಸು ಹೀಗೆ ಒಂದು ಪ್ರಕರಣದಲ್ಲಿ ಪಕ್ಷಗಾರನಾಯಿತು.

ಆಗಸ್ಟಿನಲ್ಲಿ ಹೆಣ್ಣುಮಗು ಹುಟ್ಟಿತು. ಜನನ ಪತ್ರ ಬಂದ ವಾರವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಹೇಳಿದೆ. ಕೆಲವು ವಾರಗಳ ಮೇಲೆ ಅವನು ಆ ನೀಲಿ ಪುಸ್ತಕದ ಒಳಪುಟದ ಫೋಟೊ ಕಳಿಸಿದ. ನಾನು ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಗುವಿನ ಹೆಸರು, ಹುಟ್ಟಿದ ತಾರೀಖು, ಕೆಳಗೆ ಅದನ್ನು ಕೊಟ್ಟ ಪ್ರಾಧಿಕಾರದ ಹೆಸರು ಓದಿದೆ. ಕೊಟ್ಟದ್ದು ವಿದೇಶಾಂಗ ಇಲಾಖೆ, ಅಧ್ಯಕ್ಷರ ಕೈಕೆಳಗಿನದು.